ಶೆಕೆಮಿನ ಮೂರು ದಿನಗಳು

ಸೊಲೊಮೋನನು ಪಟ್ಟಕ್ಕೆ ಬಂದ ಹೊಸತರಲ್ಲಿ ಗಿಬ್ಯೋನಿನಲ್ಲಿ ದೇವರನ್ನು ಬೇಡಿಕೊಂಡದ್ದು ಆಯುಷ್ಯವನ್ನಲ್ಲ, ಐಶ್ವರ್ಯವನ್ನೂ ಅಲ್ಲ. ಪ್ರಜೆಗಳಿಗೆ ನ್ಯಾಯ ತೀರಿಸಬಲ್ಲ ಹೃದಯವನ್ನು. ಹಿಬ್ರೂ ಮೂಲದಲ್ಲಿ ಅದು 'ಆಲಿಸುವ ಹೃದಯ'. ಕೇಳುವುದಕ್ಕೂ ವಿಧೇಯನಾಗುವುದಕ್ಕೂ ಆ ಭಾಷೆಯಲ್ಲಿ ಒಂದೇ ಕ್ರಿಯಾಪದ. ನಮ್ಮಲ್ಲಿಯೂ 'ಮಾತು ಕೇಳುವ ಮಗ' ಎಂದರೆ ಕೇವಲ ಕಿವಿಯುಳ್ಳ ಮಗನೆಂದು ಅರ್ಥವಲ್ಲವಷ್ಟೆ!

ತಂದೆ ಪಡೆದ ಈ ವರವು ಮಗ ರೆಹಬ್ಬಾಮನಿಗೆ ಪಿತ್ರಾರ್ಜಿತವಾಗಿ ಬರಲಿಲ್ಲ. ಕ್ರಿಸ್ತಪೂರ್ವ ಸುಮಾರು 930ರಲ್ಲಿ ಸೊಲೊಮೋನನು ತೀರಿಕೊಂಡಾಗ, ಶೆಕೆಮಿನಲ್ಲಿ ನೆರೆದ ಜನರು ಹೊಸ ಅರಸನ ಮುಂದಿಟ್ಟದ್ದು ಒಂದೇ ಬಿನ್ನಹ: ನಿನ್ನ ತಂದೆ ಹೊರಿಸಿದ ನೊಗವನ್ನು ಹಗುರಮಾಡು. ನೊಗವೆಂದರೆ ಬಿಟ್ಟಿದುಡಿಮೆ. ದೇವಾಲಯ ಕಟ್ಟುವುದಕ್ಕಾಗಿ 30,000 ಮಂದಿಯನ್ನು, ತಿಂಗಳಿಗೆ 10,000ದಂತೆ ಸರದಿಯ ಮೇಲೆ, ಲೆಬನೋನಿಗೆ ಅಟ್ಟಲಾಗಿತ್ತು. ಆಲಯ ದೇವರದಾದರೂ ಬೆವರು ಬಡವರದು.

ಅರಸನು ಮೂರು ದಿನಗಳ ಗಡುವು ಕೇಳಿದನು. ಇಂದು ನೀನು ಇವರ ಸೇವಕನಾದರೆ ಇವರು ಎಂದೆಂದಿಗೂ ನಿನ್ನ ಸೇವಕರಾಗಿರುವರು ಎಂದರು ಹಿರಿಯರು. ಒಡನೆ ಬೆಳೆದ ಯುವಕರಾದರೋ ದರ್ಪದ ಉತ್ತರವನ್ನೇ ಕಲಿಸಿಕೊಟ್ಟರು. (ಆಗ ಅರಸನ ವಯಸ್ಸು 41, ಈ 'ಯುವಕರು' ಎಷ್ಟರ ಯುವಕರೋ!) ಸಲಹೆ ಕೇಳುವ ಮುನ್ನವೇ ಮನಸ್ಸು ತೀರ್ಮಾನ ಮಾಡಿಕೊಂಡಿರುವುದು ಅರಮನೆಗೆ ಮಾತ್ರ ಮೀಸಲಾದ ದೋಷವಲ್ಲ, ಮಕ್ಕಳನ್ನು ಕೂರಿಸಿಕೊಂಡು 'ನಿಮ್ಮ ಅಭಿಪ್ರಾಯವೇನು' ಎಂದು ಕೇಳುವ ನಮ್ಮ ಮನೆಯೊಡೆಯರಲ್ಲಿಯೂ ಅದು ಉಂಟು. ಮೂರನೆಯ ದಿನ ಅರಸನು ಆಡಿದ ಕಠೋರ ಮಾತಿಗೆ ಹತ್ತು ಕುಲಗಳು ಕೈಬಿಟ್ಟುಹೋದವು. ಬಿಟ್ಟಿದುಡಿಮೆಯ ಅಧಿಕಾರಿ ಅದೋನೀರಾಮನನ್ನು ಜನರು ಕಲ್ಲೆಸೆದು ಕೊಂದರು. ಅರಸನು ರಥವೇರಿ ಜೆರುಸಲೇಮಿಗೆ ಓಡಿದನು.

ಇಷ್ಟನ್ನು ನಾವು ಪ್ರಸಂಗಗಳಲ್ಲಿ ಕೇಳಿದ್ದೇವೆ. ಅರಸುಗಳ ಮೊದಲನೆಯ ಗ್ರಂಥದ 12ನೆಯ ಅಧ್ಯಾಯದಲ್ಲಿ ಅನಂತರ ಬರುವ ನಾಲ್ಕು ವಚನಗಳನ್ನು ಮಾತ್ರ ಅವಸರದಲ್ಲಿ ದಾಟಿಬಿಡುತ್ತೇವೆ. ಕಳೆದುಕೊಂಡ ರಾಜ್ಯವನ್ನು ಮರಳಿ ಗೆಲ್ಲಲು ರೆಹಬ್ಬಾಮನು 1,80,000 ಯೋಧರನ್ನು ಕೂಡಿಸಿದನು. ಆಗ ಎದುರಿಗೆ ಬಂದವನು ಶೆಮಾಯನೆಂಬ ಪ್ರವಾದಿ. ಆ ಹೆಸರಿನ ಅರ್ಥವೇ 'ದೇವರು ಕೇಳಿದ್ದಾರೆ' ಎಂದು. ಅವನಲ್ಲಿ ಸೈನ್ಯವಿರಲಿಲ್ಲ, ಇದ್ದುದು ದೈವವಾಕ್ಯ ಮಾತ್ರ: ಅವರು ನಿಮ್ಮ ಸಹೋದರರು, ಯುದ್ಧ ಬೇಡ, ಮನೆಗಳಿಗೆ ಹಿಂದಿರುಗಿರಿ.

ಅವರು ಹಿಂದಿರುಗಿದರು. ಶೆಕೆಮಿನಲ್ಲಿ ಹಿರಿಯರಿಗೆ ಕಿವಿಗೊಡದವನು ಇಲ್ಲಿ ಕಿವಿಗೊಟ್ಟನು. ಅವಮಾನದಿಂದ ಕುದಿಯುತ್ತಿದ್ದ ಅರಸನೊಬ್ಬನು ಅಷ್ಟು ದೊಡ್ಡ ಸೈನ್ಯದ ಕಣ್ಣೆದುರಿಗೆ ಹೆಜ್ಜೆ ಹಿಂದಿಡುವುದು ಸುಲಭವೇ? ದರ್ಪದ ಮಾತಿಗೆ ಬೇಕಾದುದಕ್ಕಿಂತ ಹೆಚ್ಚಿನ ಎದೆಗಾರಿಕೆ ಇದಕ್ಕೆ ಬೇಕೆಂದು ನನ್ನ ಭಾವನೆ.

ಅವನೇನೂ ಸಂತನಾಗಲಿಲ್ಲ. ಎರಡು ರಾಜ್ಯಗಳ ನಡುವಣ ಕಾದಾಟ ಅವನ ಜೀವಮಾನದಲ್ಲಿ ನಿಲ್ಲಲಿಲ್ಲವೆಂದು ಅದೇ ಗ್ರಂಥವು ಹೇಳುತ್ತದೆ. ಆಳ್ವಿಕೆಯ ಐದನೆಯ ವರ್ಷ ಈಜಿಪ್ಟಿನ ಶೀಶಕನು ದಂಡೆತ್ತಿ ಬಂದಾಗ ಶೆಮಾಯನು ಪುನಃ ಬಂದು, ಈ ಸಾರಿ ಖಂಡಿಸಿದನು. ಅರಸನೂ ಅಧಿಪತಿಗಳೂ ತಲೆಬಾಗಿದರೆಂದು ಪೂರ್ವಕಾಲವೃತ್ತಾಂತದ ಎರಡನೆಯ ಗ್ರಂಥದಲ್ಲಿದೆ. ಜೆರುಸಲೇಮ್ ನಾಶವಾಗದೆ ಉಳಿಯಿತು. ಸೊಲೊಮೋನನ ಚಿನ್ನದ ಗುರಾಣಿಗಳು ಮಾತ್ರ ಸೂರೆಹೋದವು. ಅಂದಿನಿಂದ ಅರಸನು ದೇವಾಲಯಕ್ಕೆ ಹೋಗುವಾಗಲೆಲ್ಲ ಕಾವಲುಗಾರರು ಹಿಡಿಯುತ್ತಿದ್ದುದು ಕಂಚಿನವನ್ನು.