ಸರ್ಕಲ್ ಆದ ಸಹಪಾಠಿ

"ರಾಮಸ್ವಾಮಿ ಸರ್ಕಲ್! ಯಾರ್ರೀ ಇಳಿಯೋರು? ಬೇಗ ಬೇಗ!"

ಮೈಸೂರಿನ ಸಿಟಿ ಬಸ್ಸು ಹತ್ತಿದವರಿಗೆ ಈ ಕೂಗು ಹೊಸದಲ್ಲ. ಕಾಲೇಜು ಹುಡುಗರು ಇಳಿಯುತ್ತಾರೆ, ಕೈಚೀಲದವರು ಹತ್ತುತ್ತಾರೆ, ಸೀಟಿ ಊದುತ್ತದೆ, ಬಸ್ಸು ಮುಂದಕ್ಕೆ. ಈ ರಾಮಸ್ವಾಮಿ ಯಾರು ಅಂತ ಪಕ್ಕದ ಸೀಟಿನವರನ್ನು ಕೇಳಿ ನೋಡಿ. "ಯಾರೋ ಹಳೇ ದಿವಾನರು ಇರಬೇಕು ಸ್ವಾಮಿ" ಎಂಬ ಉತ್ತರ ಬಂದರೂ ಬಂದೀತು.

ದಿವಾನರೂ ಅಲ್ಲ, ದೊಡ್ಡ ಸಾಹುಕಾರರೂ ಅಲ್ಲ. ಹಾರ್ಡ್‌ವಿಕ್ ಹೈಸ್ಕೂಲಿನಲ್ಲಿ ಓದುತ್ತಿದ್ದ ಹದಿನೇಳರ ಹುಡುಗ. 1947ರ ಸೆಪ್ಟೆಂಬರ್ 13ರ ಶನಿವಾರ ಅಲ್ಲೇ ಗುಂಡೇಟು ತಿಂದು ಸತ್ತ. ಆಗ ಆ ಜಾಗಕ್ಕೆ ಫೈವ್ ಲೈಟ್ಸ್ ಸರ್ಕಲ್ ಅಂತ ಹೆಸರು. ಐದು ದೀಪಗಳ ಹೆಸರು ಹೋಗಿ ಹುಡುಗನ ಹೆಸರು ಬಂತು.

ಇದೇನಿದು, ಆಗಸ್ಟ್ 15ಕ್ಕೇ ಸ್ವಾತಂತ್ರ್ಯ ಬಂದಿತ್ತಲ್ಲ, ಸೆಪ್ಟೆಂಬರಿನಲ್ಲಿ ಗುಂಡು ಎಲ್ಲಿಂದ ಬಂತು ಅಂತೀರಾ? ಇಂದಿನ ಹುಡುಗರಿಗೆ ಇದು ಒಗಟೇ ಸರಿ.

ಬ್ರಿಟಿಷರು ಹೋದರು, ನಿಜ. ಮಹಾರಾಜರು ಆಗಸ್ಟ್ 9ರಂದೇ ಭಾರತಕ್ಕೆ ಸೇರುವ ಪತ್ರಕ್ಕೆ ಸಹಿಯನ್ನೂ ಹಾಕಿದ್ದರು. ಆದರೆ ಮೈಸೂರು ಸಂಸ್ಥಾನದ ಒಳಗೆ ಅಧಿಕಾರ ಇನ್ನೂ ಅರಮನೆ ಮತ್ತು ದಿವಾನರ ಕೈಯಲ್ಲೇ ಇತ್ತು. ಜನರು ಆರಿಸಿದ ಸರ್ಕಾರ ಬೇಕು ಅಂತ ಕೆ.ಸಿ. ರೆಡ್ಡಿಯವರ ಮುಂದಾಳತ್ವದಲ್ಲಿ ಸಂಸ್ಥಾನದ ಕಾಂಗ್ರೆಸ್ಸು ಸೆಪ್ಟೆಂಬರ್ 1ರಿಂದ ಚಳವಳಿ ಹೂಡಿತು. 'ಮೈಸೂರು ಚಲೋ' ಅಂದರೆ ಇದೇ. ಅರಮನೆ ಸತ್ಯಾಗ್ರಹ ಅಂತಲೂ ಕರೆದರು. ಶಾಲೆ ಕಾಲೇಜು ಬಿಟ್ಟು ಹುಡುಗರು ಬೀದಿಗೆ ಬಂದರು. "ಆರ್ಕಾಟ್ ಬಾಯ್ಕಾಟ್" ಎಂಬ ಘೋಷಣೆ ಗಲ್ಲಿಗಲ್ಲಿಯಲ್ಲಿ ಕೇಳಿಸಿತು.

ಆರ್ಕಾಟ್ ಅಂದರೆ ಆಗಿನ ದಿವಾನರಾದ ಸರ್ ಆರ್ಕಾಟ್ ರಾಮಸ್ವಾಮಿ ಮೊದಲಿಯಾರ್. ವಿಧಿಯ ಆಟ ನೋಡಿ. ದಿವಾನರ ಹೆಸರೂ ರಾಮಸ್ವಾಮಿ, ಅವರ ಆಡಳಿತದಲ್ಲಿ ಗುಂಡಿಗೆ ಬಿದ್ದ ಹುಡುಗನ ಹೆಸರೂ ರಾಮಸ್ವಾಮಿ! ದಿವಾನರು 1976ರವರೆಗೆ, ಎಂಬತ್ತೆಂಟು ವರ್ಷ, ತುಂಬು ಬಾಳು ಬಾಳಿದರು. ಹುಡುಗನಿಗೆ ಹದಿನೆಂಟು ತುಂಬಲಿಲ್ಲ.

ಹುಡುಗ ಮಾಡಿದ ತಪ್ಪಾದರೂ ಏನು? ದೀಪದ ಕಂಬಕ್ಕೆ ತ್ರಿವರ್ಣ ಬಾವುಟ ಏರಿಸಲು ಹೋದದ್ದು. ಜುಲೈ 22ರಂದು ಸಂವಿಧಾನ ಸಭೆ ಒಪ್ಪಿದ ಬಾವುಟ, ಆಗಸ್ಟಿನಲ್ಲಿ ಕೆಂಪುಕೋಟೆಯ ಮೇಲೆ ನೆಹರೂ ಹಾರಿಸಿದ ಬಾವುಟ. ಸ್ವಾತಂತ್ರ್ಯ ಬಂದು ಇಪ್ಪತ್ತೊಂಬತ್ತು ದಿನ ಕಳೆದ ಮೇಲೆ ಅದೇ ಬಾವುಟಕ್ಕಾಗಿ ಮೈಸೂರಿನಲ್ಲಿ ಒಂದು ಜೀವ ಹೋಯಿತು.

ಅಕ್ಟೋಬರ್ 12ಕ್ಕೆ ರಾಜಿಯಾಯಿತು. ಅದೇ ತಿಂಗಳ ಕೊನೆಗೆ ಕೆ.ಸಿ. ರೆಡ್ಡಿಯವರು ಮೊದಲ ಮುಖ್ಯಮಂತ್ರಿಯಾದರು. "ಒಂದೂವರೆ ತಿಂಗಳು ಕಾದಿದ್ದರೆ ಹುಡುಗ ಉಳಿಯುತ್ತಿದ್ದನಲ್ಲ" ಅಂತ ಹೊಟ್ಟೆ ಉರಿಯುತ್ತದೆ. ಆದರೆ ಎಲ್ಲರೂ ಕಾಯುತ್ತಾ ಮನೆಯಲ್ಲೇ ಕೂತಿದ್ದರೆ ಆ ರಾಜಿ ಆಗುತ್ತಿತ್ತೇ? ಈ ಪ್ರಶ್ನೆಯನ್ನೂ ಕೇಳಿಕೊಳ್ಳಬೇಕು.

ಊರಿಗೆ ಆತ ಹುತಾತ್ಮ. ಒಂದೇ ಶಾಲೆಯಲ್ಲಿ ಕಲಿತವರಿಗೋ? ಮಸಿ ಕುಡಿಕೆ ಎರವಲು ಕೊಡುವವನು, ಲೆಕ್ಕ ಬಾರದಿದ್ದಾಗ ಪಕ್ಕದಿಂದ ಪಿಸುಗುಟ್ಟುವವನು, ಸಂಜೆ ಜೊತೆಗೆ ನಡೆದು ಮನೆ ಸೇರುವವನು: ಗೆಳೆಯ ಅಂದರೆ ಇಷ್ಟೇ ತಾನೆ? ಇಂಥ ಸಣ್ಣಪುಟ್ಟ ಸಂಗತಿ ಇತಿಹಾಸದ ಪುಸ್ತಕಕ್ಕೆ ಹೋಗುವುದಿಲ್ಲ. ಅದು ಉಳಿಯುವುದು ಜೊತೆಗಾರರ ನೆನಪಿನಲ್ಲಿ ಮಾತ್ರ.

ಹಾಜರಿ ಪುಸ್ತಕದಲ್ಲಿ ಒಂದು ಹೆಸರು ಕಡಿಮೆಯಾದರೂ ಪಾಠ ನಿಲ್ಲುವುದಿಲ್ಲ. ಉಳಿದ ಹುಡುಗರು ಪರೀಕ್ಷೆ ಬರೆಯುತ್ತಾರೆ, ಕೆಲಸ ಹಿಡಿಯುತ್ತಾರೆ, ಅಂಗಡಿ ಇಡುತ್ತಾರೆ, ಮದುವೆಯಾಗಿ ಮೊಮ್ಮಕ್ಕಳನ್ನು ಕಾಣುತ್ತಾರೆ. ಸತ್ತವನು ಮಾತ್ರ ಹದಿನೇಳರಲ್ಲೇ ನಿಂತುಬಿಡುತ್ತಾನೆ. ರಾಮಸ್ವಾಮಿಯ ವಾರಿಗೆಯವರು ಇಂದು ಬದುಕಿದ್ದರೆ ತೊಂಬತ್ತು ದಾಟಿದವರು. ಇನ್ನು ಎಷ್ಟು ದಿನ? ಅವರೂ ಹೋದ ಮೇಲೆ ಆ ಹೆಸರು ಬರೀ ಒಂದು ಬಸ್ ಸ್ಟೇಜ್ ಆಗಿ ಉಳಿಯುವ ಭಯವಿದೆ.

ಹಾಗಾಗದಿರಲು ದೊಡ್ಡ ಖರ್ಚೇನೂ ಬೇಕಿಲ್ಲ. ಸೆಪ್ಟೆಂಬರ್ 13ರಂದು ಶಾಲೆಗಳಲ್ಲಿ ಬೆಳಗಿನ ಪ್ರಾರ್ಥನೆ ಮುಗಿದ ಮೇಲೆ ಹೆಡ್‌ಮಾಸ್ತರರು ಎರಡು ನಿಮಿಷ ಈ ಕಥೆ ಹೇಳಲಿ. ಸರ್ಕಲ್ಲಿನ ಅಂಗಡಿಯವರು ವಿಳಾಸ ಕೇಳಿದವರಿಗೆ ದಾರಿಯ ಜೊತೆ ಒಂದು ಮಾತು ಸೇರಿಸಲಿ. ಮನೆಯಲ್ಲಿ ಆ ಕಾಲ ಕಂಡ ತಾತ, ಅಜ್ಜಿ ಇದ್ದರೆ ಮಕ್ಕಳು ಕೂತು ಕೇಳಿ ನೋಟ್‌ಬುಕ್ಕಿನಲ್ಲಿ ಬರೆದಿಡಲಿ. ನಾಳೆ ಕೇಳೋಣ ಅಂದರೆ ನಾಳೆಗೆ ಹೇಳುವವರೇ ಇರುವುದಿಲ್ಲ.

ಇನ್ನೊಂದು ಮಾತು. ಪ್ರತಿಯೊಬ್ಬರ ಹೈಸ್ಕೂಲಿನಲ್ಲೂ ಅರ್ಧಕ್ಕೆ ಹೋದ ಒಬ್ಬ ಗೆಳೆಯನೋ ಗೆಳತಿಯೋ ಇದ್ದೇ ಇರುತ್ತಾರೆ. ಯಾವುದೋ ಜ್ವರ, ಯಾವುದೋ ಕೆರೆ, ಯಾವುದೋ ಲಾರಿ. ಅವರ ಹೆಸರಿನಲ್ಲಿ ಸರ್ಕಲ್ ಇಲ್ಲ, ಕಂಡಕ್ಟರ್ ಕೂಗುವುದೂ ಇಲ್ಲ. ಆದರೆ ಅವರ ತಾಯಿ ಇನ್ನೂ ಅದೇ ಬೀದಿಯಲ್ಲಿ ಇರಬಹುದು. ಅಂಗಡಿಗೆ ಬಂದಾಗ ಸಾಮಾನು ಕಟ್ಟಿಕೊಡುತ್ತಾ ಮಗನ ಹೆಸರು ಹಿಡಿದು, "ಅವನು ಲೆಕ್ಕದಲ್ಲಿ ಭಾರಿ ಚುರುಕು ಕಣಮ್ಮಾ" ಅಂತ ಒಂದು ಮಾತು ಆಡಿ. ಆ ಹೆಸರನ್ನು ಬೇರೆಯವರ ಬಾಯಲ್ಲಿ ಕೇಳಿ ಆ ತಾಯಿಗೆ ಎಷ್ಟು ವರ್ಷವಾಗಿದೆಯೋ!