1979ರ ತೈಲ ಬಿಕ್ಕಟ್ಟು

1979ರ ತೈಲ ಬಿಕ್ಕಟ್ಟು ಇರಾನಿನ ಕ್ರಾಂತಿಯ ಬೆನ್ನಲ್ಲೇ ತಲೆದೋರಿದ ಜಾಗತಿಕ ಆರ್ಥಿಕ ಸಂಕಟವಾಗಿದೆ. 1973ರ ಬಿಕ್ಕಟ್ಟಿನ ನಂತರ ಬಂದುದರಿಂದ ಇದನ್ನು ಎರಡನೆಯ ತೈಲ ಆಘಾತ ಎಂದೂ ಕರೆಯುತ್ತಾರೆ. 1978ರ ಕೊನೆಯಲ್ಲಿ ಬ್ಯಾರೆಲ್ ಒಂದಕ್ಕೆ ಸುಮಾರು 13 ಡಾಲರ್ ಇದ್ದ ಕಚ್ಚಾ ತೈಲದ ಬೆಲೆ 1981ರಲ್ಲಿ 34 ಡಾಲರಿಗೆ ಏರಿತು. ಆದರೆ ಜಗತ್ತಿನ ಒಟ್ಟು ತೈಲ ಪೂರೈಕೆಯಲ್ಲಿ ಉಂಟಾದ ನಿಜವಾದ ಕೊರತೆ ಶೇಕಡಾ 4ರಷ್ಟು ಮಾತ್ರ. ಅಷ್ಟು ಸಣ್ಣ ಕೊರತೆಗೆ ಇಷ್ಟು ದೊಡ್ಡ ಏರಿಕೆ ಏಕಾಯಿತು ಎಂಬ ಪ್ರಶ್ನೆಯ ಕಾರಣದಿಂದ, ಭಯವು ಮಾರುಕಟ್ಟೆಯನ್ನೂ ರಾಜತಂತ್ರವನ್ನೂ ಹೇಗೆ ನಡೆಸುತ್ತದೆ ಎಂಬುದಕ್ಕೆ ಈ ಘಟನೆಯನ್ನು ಉದಾಹರಣೆಯಾಗಿ ಕೊಡಲಾಗುತ್ತದೆ.

ಹಿನ್ನೆಲೆ

1970ರ ದಶಕದಲ್ಲಿ ಇರಾನ್, ಸೌದಿ ಅರೇಬಿಯಾದ ನಂತರ ಜಗತ್ತಿನ ಎರಡನೆಯ ಅತಿ ದೊಡ್ಡ ತೈಲ ರಫ್ತು ರಾಷ್ಟ್ರವಾಗಿತ್ತು. ಷಾ ಮೊಹಮ್ಮದ್ ರೆಜಾ ಪಹ್ಲವಿಯ ಆಡಳಿತದ ವಿರುದ್ಧ 1978ರಲ್ಲಿ ಚಳವಳಿ ತೀವ್ರಗೊಂಡಾಗ ತೈಲ ಕಾರ್ಮಿಕರು ಮುಷ್ಕರ ಹೂಡಿದರು. ಆ ವರ್ಷದ ಡಿಸೆಂಬರ್ ಅಂತ್ಯಕ್ಕೆ ಇರಾನಿನ ತೈಲ ರಫ್ತು ಸಂಪೂರ್ಣವಾಗಿ ನಿಂತಿತು. 1979ರ ಜನವರಿ 16ರಂದು ಷಾ ದೇಶ ತೊರೆದನು. ಫೆಬ್ರವರಿ 1ರಂದು ಅಯತೊಲ್ಲಾ ಖೊಮೇನಿ ಟೆಹರಾನಿಗೆ ಮರಳಿದರು. ಮಾರ್ಚ್ ತಿಂಗಳಲ್ಲಿ ರಫ್ತು ಪುನಃ ಆರಂಭವಾಯಿತಾದರೂ ಹಿಂದಿನ ಪ್ರಮಾಣಕ್ಕೆ ಏರಲಿಲ್ಲ.

ಸೌದಿ ಅರೇಬಿಯಾ ಮುಂತಾದ ರಾಷ್ಟ್ರಗಳು ಹೆಚ್ಚುವರಿ ತೈಲ ತೆಗೆದು ನಷ್ಟದ ಬಹುಪಾಲನ್ನು ತುಂಬಿಕೊಟ್ಟವು. ತೈಲ ಬಳಸುವ ಶ್ರೀಮಂತ ರಾಷ್ಟ್ರಗಳು 1974ರಲ್ಲಿ ಸ್ಥಾಪಿಸಿಕೊಂಡಿದ್ದ ಅಂತರರಾಷ್ಟ್ರೀಯ ಇಂಧನ ಸಂಸ್ಥೆಯ ನಿಯಮದಂತೆ, ಕೊರತೆ ಶೇಕಡಾ 7ನ್ನು ಮುಟ್ಟಿದರೆ ಮಾತ್ರ ಸದಸ್ಯ ರಾಷ್ಟ್ರಗಳು ತಮ್ಮಲ್ಲಿರುವ ತೈಲವನ್ನು ಹಂಚಿಕೊಳ್ಳಬೇಕಾಗಿತ್ತು. ಕೊರತೆ ಆ ಮಟ್ಟವನ್ನು ಮುಟ್ಟದ ಕಾರಣ ಹಂಚಿಕೆಯ ವ್ಯವಸ್ಥೆ ಜಾರಿಗೆ ಬರಲೇ ಇಲ್ಲ. ಪ್ರತಿ ದೇಶವೂ ತನ್ನ ದಾರಿಯನ್ನು ತಾನೇ ನೋಡಿಕೊಳ್ಳಬೇಕಾಯಿತು.

ಭೀತಿಯ ಖರೀದಿ

1973ರ ಅಕ್ಟೋಬರಿನಲ್ಲಿ ಅರಬ್ ರಾಷ್ಟ್ರಗಳು ವಿಧಿಸಿದ ತೈಲ ನಿರ್ಬಂಧದಿಂದ ಬೆಲೆ ಕೆಲವೇ ತಿಂಗಳಲ್ಲಿ ಸುಮಾರು ನಾಲ್ಕು ಪಟ್ಟಾಗಿತ್ತು. ಆ ನೆನಪು ಇನ್ನೂ ಹಸಿಯಾಗಿತ್ತು. ಇರಾನಿನ ತೈಲ ನಿಂತೊಡನೆ ಕಂಪನಿಗಳು, ಸರ್ಕಾರಗಳು, ಕಾರ್ಖಾನೆಗಳು ಮುಂದೆ ಸಿಗಲಾರದೆಂಬ ಅಂಜಿಕೆಯಿಂದ ಅಗತ್ಯಕ್ಕಿಂತ ಹೆಚ್ಚು ಕೊಂಡು ದಾಸ್ತಾನು ಮಾಡತೊಡಗಿದವು. ಕೆರೆ ಬತ್ತುತ್ತದೆಂಬ ಸುದ್ದಿ ಹಬ್ಬಿದರೆ ಊರವರೆಲ್ಲ ಒಂದೇ ದಿನ ಇದ್ದಬದ್ದ ಪಾತ್ರೆಗಳಿಗೆ ನೀರು ತುಂಬಿಟ್ಟುಕೊಳ್ಳುತ್ತಾರೆ. ಕೆರೆ ಆ ದಿನವೇ ಬರಿದಾಗುತ್ತದೆ. ಇಲ್ಲಿ ನಡೆದದ್ದೂ ಅದೇ. ಒಬ್ಬೊಬ್ಬ ಖರೀದಿದಾರನ ಲೆಕ್ಕದಲ್ಲಿ ಸಂಗ್ರಹವು ವಿವೇಕದ ನಡೆಯೇ ಆಗಿತ್ತು. ಎಲ್ಲರೂ ಒಟ್ಟಿಗೆ ಅದನ್ನೇ ಮಾಡಿದುದರಿಂದ ಇಲ್ಲದ ಬೇಡಿಕೆ ಹುಟ್ಟಿತು. ಸುಡಲೆಂದಲ್ಲ, ಕೂಡಿಡಲೆಂದು ಕೊಂಡ ತೈಲದ ಪ್ರಮಾಣವು ಇರಾನಿನಿಂದ ಉಂಟಾದ ನಿವ್ವಳ ಕೊರತೆಯನ್ನೇ ಮೀರಿತೆಂದು ತೈಲ ಇತಿಹಾಸಕಾರ ಡೇನಿಯಲ್ ಯರ್ಗಿನ್ ವಿವರಿಸಿದ್ದಾರೆ.

ಬೆಲೆ ಏರಿದ ಬಗೆಯನ್ನು ತಿಳಿಯಲು ಅಂದಿನ ವ್ಯಾಪಾರಕ್ರಮವನ್ನು ಗಮನಿಸಬೇಕು. ಆಗ ಹೆಚ್ಚಿನ ತೈಲ ದೀರ್ಘಾವಧಿ ಒಪ್ಪಂದಗಳ ಮೂಲಕ ನಿಗದಿತ ಬೆಲೆಗೆ ಮಾರಾಟವಾಗುತ್ತಿತ್ತು. ಒಪ್ಪಂದವಿಲ್ಲದೆ ಅಂದಂದಿನ ದರಕ್ಕೆ ಮಾರುವ ಸ್ಪಾಟ್ ಮಾರುಕಟ್ಟೆಯ ಪಾಲು ತೀರಾ ಚಿಕ್ಕದು; ರಾಟರ್‌ಡ್ಯಾಮ್ ಅದರ ಮುಖ್ಯ ಕೇಂದ್ರ. ಇರಾನಿನ ಒಪ್ಪಂದಗಳನ್ನು ಕಳೆದುಕೊಂಡ ಕಂಪನಿಗಳು ತಮ್ಮ ಗ್ರಾಹಕರಿಗೆ ಪೂರೈಕೆ ಕಡಿತಗೊಳಿಸಿದವು. ಹೀಗೆ ಕೈಬಿಡಲ್ಪಟ್ಟವರು, ಮುಖ್ಯವಾಗಿ ಜಪಾನಿನ ಖರೀದಿದಾರರು, ಈ ಸಣ್ಣ ಮಾರುಕಟ್ಟೆಗೆ ಮುಗಿಬಿದ್ದರು. ಸ್ಪಾಟ್ ದರ ನೆಗೆದಾಗ ರಫ್ತು ರಾಷ್ಟ್ರಗಳು ಒಪ್ಪಂದದ ಬೆಲೆಗೂ ಹೆಚ್ಚುವರಿ ಶುಲ್ಕ ಸೇರಿಸಿದವು. ಕೆಲವು ರಾಷ್ಟ್ರಗಳು ಒಪ್ಪಂದಗಳನ್ನೇ ರದ್ದುಪಡಿಸಿ ತೈಲವನ್ನು ಸ್ಪಾಟ್ ಮಾರುಕಟ್ಟೆಗೆ ತಿರುಗಿಸಿದವು. ಇಂದಿನ ಬೆಲೆ ದುಬಾರಿ ಎನಿಸಿದರೂ ನಾಳೆಯದು ಇನ್ನೂ ದುಬಾರಿಯೆಂಬ ನಂಬಿಕೆ ಎಲ್ಲರಲ್ಲಿಯೂ ಬೇರೂರಿತು.

ಮಿತ್ರರಾಷ್ಟ್ರಗಳ ನಡುವೆಯೂ ಪೈಪೋಟಿ ನಡೆಯಿತು. 1979ರ ಮೇ ತಿಂಗಳಲ್ಲಿ ಅಮೆರಿಕ ಸರ್ಕಾರ ಮನೆ ಬೆಚ್ಚಗಾಗಿಸುವ ತೈಲದ ಆಮದಿಗೆ ಬ್ಯಾರೆಲ್‌ಗೆ 5 ಡಾಲರ್ ಸಹಾಯಧನ ನೀಡಿದಾಗ, ತಮ್ಮ ಪಾಲನ್ನು ಅದು ಸೆಳೆದುಕೊಳ್ಳುತ್ತಿದೆ ಎಂದು ಯುರೋಪಿನ ರಾಷ್ಟ್ರಗಳು ಆಕ್ಷೇಪಿಸಿದವು. ಜೂನ್ 28 ಮತ್ತು 29ರಂದು ಟೋಕಿಯೋದಲ್ಲಿ ಸೇರಿದ ಏಳು ಕೈಗಾರಿಕಾ ರಾಷ್ಟ್ರಗಳ ಶೃಂಗಸಭೆ ಆಮದಿಗೆ ಮಿತಿ ಹಾಕಲು ಒಪ್ಪಿತು.

ಅಮೆರಿಕದ ಪೆಟ್ರೋಲ್ ಬಂಕ್‌ಗಳಲ್ಲಿ ಉದ್ದನೆಯ ಸರತಿ ಸಾಲುಗಳು ಕಾಣಿಸಿಕೊಂಡವು. ಕ್ಯಾಲಿಫೋರ್ನಿಯಾದಲ್ಲಿ ಮೇ ತಿಂಗಳಿಂದ ವಾಹನದ ನೋಂದಣಿ ಸಂಖ್ಯೆಯ ಸಮ-ಬೆಸ ಆಧಾರದಲ್ಲಿ ದಿನ ಬಿಟ್ಟು ದಿನ ಪೆಟ್ರೋಲ್ ನೀಡಲಾಯಿತು. ಬೆಲೆ ನಿಯಂತ್ರಣ ಮತ್ತು ಹಿಂದಿನ ವರ್ಷದ ಬಳಕೆಗೆ ಅನುಗುಣವಾದ ಹಂಚಿಕೆಯ ನಿಯಮಗಳಿಂದ, ಜನ ಪ್ರವಾಸ ಹೋಗದ ಊರುಗಳಲ್ಲಿ ಪೆಟ್ರೋಲ್ ಉಳಿಯಿತು, ನಗರಗಳಲ್ಲಿ ಬರಿದಾಯಿತು. ಹೀಗಾಗಿ ಸಾಲುಗಳ ಹೊಣೆಯನ್ನು ಪೂರ್ತಿಯಾಗಿ ಭೀತಿಯ ಮೇಲೆ ಹೊರಿಸುವುದು ಸರಿಯಲ್ಲ. ಆದರೂ ಅರ್ಧ ತುಂಬಿದ ಟ್ಯಾಂಕನ್ನೇ ಮತ್ತೆ ತುಂಬಿಸಲು ಜನ ಗಂಟೆಗಟ್ಟಲೆ ಕಾಯ್ದುದು ಸಾಲನ್ನು ಇನ್ನಷ್ಟು ಬೆಳೆಸಿತು.

ರಾಜಕೀಯ ಪರಿಣಾಮಗಳು

1979ರ ನವೆಂಬರ್ 4ರಂದು ಟೆಹರಾನಿನ ಅಮೆರಿಕ ರಾಯಭಾರ ಕಚೇರಿಯನ್ನು ವಿದ್ಯಾರ್ಥಿಗಳು ವಶಪಡಿಸಿಕೊಂಡರು. 52 ಮಂದಿ 444 ದಿನಗಳ ಕಾಲ ಒತ್ತೆಯಾಳುಗಳಾಗಿದ್ದರು. ಅದೇ ತಿಂಗಳ 20ರಂದು ಮೆಕ್ಕಾದ ಮಹಾ ಮಸೀದಿಗೆ ಶಸ್ತ್ರಧಾರಿಗಳು ನುಗ್ಗಿದಾಗ ಸೌದಿ ಅರೇಬಿಯಾದ ಸ್ಥಿರತೆಯ ಬಗೆಗೂ ಸಂಶಯ ಮೂಡಿತು. ಡಿಸೆಂಬರ್ ಕೊನೆಯ ವಾರದಲ್ಲಿ ಸೋವಿಯತ್ ಸೇನೆ ಅಫ್ಘಾನಿಸ್ತಾನವನ್ನು ಪ್ರವೇಶಿಸಿತು.

ಈ ಕೊನೆಯ ಘಟನೆಯನ್ನು ವಾಷಿಂಗ್ಟನ್ ತೈಲದ ಕಣ್ಣಿನಿಂದಲೇ ನೋಡಿತು. ಸೋವಿಯತ್ ಒಕ್ಕೂಟದ ತೈಲ ಉತ್ಪಾದನೆ ಶೀಘ್ರದಲ್ಲಿಯೇ ಕುಸಿದು ಅದೂ ಆಮದು ರಾಷ್ಟ್ರವಾಗಬಹುದೆಂದು ಅಮೆರಿಕದ ಬೇಹುಗಾರಿಕಾ ಸಂಸ್ಥೆ ಸಿಐಎ 1977ರಲ್ಲಿ ಅಂದಾಜಿಸಿತ್ತು. ಆದ್ದರಿಂದ ಅಫ್ಘಾನಿಸ್ತಾನವು ಪರ್ಷಿಯನ್ ಕೊಲ್ಲಿಯತ್ತ ಇಟ್ಟ ಮೊದಲ ಹೆಜ್ಜೆಯೆಂಬ ಶಂಕೆ ಬಲವಾಯಿತು. ಅಂದಾಜು ಹುಸಿಯಾಯಿತು, ಸೋವಿಯತ್ ಉತ್ಪಾದನೆ 1980ರ ದಶಕದಲ್ಲಿಯೂ ಭಾರೀ ಪ್ರಮಾಣದಲ್ಲಿಯೇ ಉಳಿಯಿತು. ಮುಂದೆ ಬಹಿರಂಗವಾದ ಸೋವಿಯತ್ ದಾಖಲೆಗಳಲ್ಲಿ ಎದ್ದು ಕಾಣುವುದು ಬೇರೆಯೇ ಆತಂಕ: ಕಾಬೂಲಿನ ಆಡಳಿತಗಾರ ಹಫೀಜುಲ್ಲಾ ಅಮೀನ್ ಅಮೆರಿಕದ ಕಡೆಗೆ ವಾಲಿಯಾನು, ತಮ್ಮ ದಕ್ಷಿಣ ಗಡಿಗೆ ಅಪಾಯ ಬಂದೀತು ಎಂಬುದು. ಒಂದು ಬಣ ಆತ್ಮರಕ್ಷಣೆಯೆಂದು ಭಾವಿಸಿ ಮಾಡಿದ್ದು ಇನ್ನೊಂದಕ್ಕೆ ಆಕ್ರಮಣವಾಗಿ ಕಂಡಿತು. ಅಂತರರಾಷ್ಟ್ರೀಯ ಸಂಬಂಧಗಳ ಅಧ್ಯಯನದಲ್ಲಿ ಇಂತಹ ಪರಿಸ್ಥಿತಿಗೆ ಭದ್ರತಾ ಸಂದಿಗ್ಧ ಎಂದು ಹೆಸರು.

1980ರ ಜನವರಿ 23ರಂದು ಅಧ್ಯಕ್ಷ ಜಿಮ್ಮಿ ಕಾರ್ಟರ್, ಕೊಲ್ಲಿ ಪ್ರದೇಶದ ಮೇಲೆ ಹಿಡಿತ ಸಾಧಿಸಲು ಹೊರಗಿನ ಯಾವುದೇ ಶಕ್ತಿ ಯತ್ನಿಸಿದರೆ ಅಮೆರಿಕ ಸೇನಾಬಲವನ್ನೂ ಬಳಸುವುದೆಂದು ಘೋಷಿಸಿದರು. ಇದೇ ಕಾರ್ಟರ್ ಸಿದ್ಧಾಂತ. ಇದಕ್ಕಾಗಿ ರಚಿಸಿದ ಕ್ಷಿಪ್ರ ಪಡೆ 1983ರಲ್ಲಿ ಅಮೆರಿಕದ ಸೆಂಟ್ರಲ್ ಕಮಾಂಡ್ ಆಗಿ ಮಾರ್ಪಟ್ಟಿತು. ಆ ಪ್ರದೇಶದಲ್ಲಿನ ನಂತರದ ಅಮೆರಿಕದ ಯುದ್ಧಗಳನ್ನು ನಡೆಸಿದ್ದು ಈ ಕಮಾಂಡ್.

ಭಾರತದ ಮೇಲಿನ ಪರಿಣಾಮ

ಭಾರತಕ್ಕೆ ಇರಾನ್ ಮತ್ತು ಇರಾಕ್ ಪ್ರಮುಖ ಪೂರೈಕೆದಾರರಾಗಿದ್ದವು. ಅದೇ ಕಾಲದಲ್ಲಿ ಅಸ್ಸಾಂ ಚಳವಳಿಯಿಂದಾಗಿ ದೇಶದೊಳಗಿನ ಕಚ್ಚಾ ತೈಲದ ಸಾಗಣೆಗೂ ತಡೆಯುಂಟಾಯಿತು. 1980-81ರಲ್ಲಿ ದೇಶದ ರಫ್ತು ಗಳಿಕೆಯ ಸುಮಾರು ಮುಕ್ಕಾಲು ಪಾಲಿಗೆ ಸಮನಾದ ಮೊತ್ತ ತೈಲದ ಆಮದಿಗೇ ವ್ಯಯವಾಯಿತು. 1981ರ ನವೆಂಬರಿನಲ್ಲಿ ಅಂತರರಾಷ್ಟ್ರೀಯ ಹಣಕಾಸು ನಿಧಿ ಭಾರತಕ್ಕೆ 500 ಕೋಟಿ ಎಸ್‌ಡಿಆರ್ (ನಿಧಿಯ ಲೆಕ್ಕದ ಘಟಕ) ಸಾಲ ಮಂಜೂರು ಮಾಡಿತು. ಮುಂಬಯಿ ಕರಾವಳಿಯಾಚೆಯ ಬಾಂಬೆ ಹೈ ತೈಲಕ್ಷೇತ್ರದ ಉತ್ಪಾದನೆಯನ್ನು ತ್ವರಿತಗೊಳಿಸಲಾಯಿತು. ಇನ್ನೊಂದೆಡೆ, ತೈಲದ ಹಣದಿಂದ ಕೊಲ್ಲಿ ರಾಷ್ಟ್ರಗಳಲ್ಲಿ ಹೆಚ್ಚಿದ ಉದ್ಯೋಗಗಳು ಕೇರಳದವರನ್ನೂ ಮಂಗಳೂರು, ಉಡುಪಿ, ಭಟ್ಕಳ ಕಡೆಯ ಕನ್ನಡ ಕರಾವಳಿಯವರನ್ನೂ ಸೆಳೆದವು.

1980ರ ಯುದ್ಧ ಮತ್ತು ಬೆಲೆಯ ಇಳಿತ

1980ರ ಸೆಪ್ಟೆಂಬರ್ 22ರಂದು ಇರಾಕ್ ಇರಾನಿನ ಮೇಲೆ ದಾಳಿ ಮಾಡಿತು. ಎರಡೂ ರಾಷ್ಟ್ರಗಳ ರಫ್ತು ಕುಸಿದು, ದಿನಕ್ಕೆ ಸುಮಾರು 40 ಲಕ್ಷ ಬ್ಯಾರೆಲ್ ತೈಲ ಮಾರುಕಟ್ಟೆಯಿಂದ ಮರೆಯಾಯಿತು. ಇದು 1979ರ ಕೊರತೆಗಿಂತ ದೊಡ್ಡದು. ಆದರೆ ಈ ಬಾರಿ ಸ್ಪಾಟ್ ದರ 42 ಡಾಲರ್ ತಲುಪಿದರೂ ಅಲ್ಲಿ ನಿಲ್ಲದೆ ಇಳಿಯಿತು. ಹಿಂದಿನ ವರ್ಷದ ಗಾಬರಿಯಲ್ಲಿ ಕೊಂಡ ತೈಲದಿಂದ ದಾಸ್ತಾನುಗಳು ತುಂಬಿದ್ದವು, ಹೊಸದಾಗಿ ಕೊಳ್ಳುವ ಬದಲು ಇರುವುದನ್ನು ಬಳಸುವಂತೆ ಅಂತರರಾಷ್ಟ್ರೀಯ ಇಂಧನ ಸಂಸ್ಥೆಯ ಸದಸ್ಯ ಸರ್ಕಾರಗಳು ಕಂಪನಿಗಳನ್ನು ಒತ್ತಾಯಿಸಿದವು, ಬೇಡಿಕೆಯೂ ತಗ್ಗತೊಡಗಿತ್ತು.

ಬೇಡಿಕೆ ತಗ್ಗಲು ಹಣದುಬ್ಬರದ ವಿರುದ್ಧದ ಕಠಿಣ ಕ್ರಮಗಳೂ ಕಾರಣ. 1979ರ ಆಗಸ್ಟಿನಲ್ಲಿ ಅಮೆರಿಕದ ಕೇಂದ್ರ ಬ್ಯಾಂಕಾದ ಫೆಡರಲ್ ರಿಸರ್ವ್‌ನ ಮುಖ್ಯಸ್ಥರಾದ ಪಾಲ್ ವೋಲ್ಕರ್ ಅವರ ನೀತಿಯಿಂದ ಅಲ್ಪಾವಧಿ ಬಡ್ಡಿದರ ಶೇಕಡಾ 20ರ ಆಸುಪಾಸಿಗೆ ಏರಿತು. ಆ ದರದಲ್ಲಿ ಡಾಲರ್ ಸಾಲ ತೀರಿಸಲಾಗದೆ ಮೆಕ್ಸಿಕೋ 1982ರ ಆಗಸ್ಟಿನಲ್ಲಿ ಕೈಚೆಲ್ಲಿತು. ಲ್ಯಾಟಿನ್ ಅಮೆರಿಕದ ಇತರ ರಾಷ್ಟ್ರಗಳೂ ಅದೇ ಸ್ಥಿತಿಗೆ ಬಂದವು. ಮೆಕ್ಸಿಕೋ ಸ್ವತಃ ತೈಲ ರಫ್ತು ರಾಷ್ಟ್ರ. ಬೆಲೆ ಏರುತ್ತಲೇ ಇರುವುದೆಂದು ನಂಬಿ ಸಾಲ ಮಾಡಿತ್ತು. ಕಾರುಗಳು ಚಿಕ್ಕದಾದವು, ವಿದ್ಯುತ್ ಸ್ಥಾವರಗಳು ತೈಲವನ್ನು ಬಿಟ್ಟು ಕಲ್ಲಿದ್ದಲು ಮತ್ತು ಅಣುಶಕ್ತಿಯತ್ತ ತಿರುಗಿದವು, ಉತ್ತರ ಸಮುದ್ರ ಮತ್ತು ಅಲಾಸ್ಕಾದ ತೈಲ ಮಾರುಕಟ್ಟೆಗೆ ಬಂದಿತು. ಬೆಲೆಯನ್ನು ಹಿಡಿದಿಡಲು ಉತ್ಪಾದನೆಯನ್ನು ತಗ್ಗಿಸುತ್ತಲೇ ಬಂದ ಸೌದಿ ಅರೇಬಿಯಾ 1985ರಲ್ಲಿ ಆ ಪ್ರಯತ್ನವನ್ನು ಕೈಬಿಟ್ಟಿತು. 1986ರಲ್ಲಿ ತೈಲದ ಬೆಲೆ ಬ್ಯಾರೆಲ್‌ಗೆ ಸುಮಾರು 10 ಡಾಲರಿಗೆ ಕುಸಿಯಿತು.