ಲಂಚದ ವಿರುದ್ಧ ಸಂಘಟನೆಗಳು: ನಾವೇಕೆ ದೂರ ನಿಲ್ಲುತ್ತೇವೆ?



ಕಾಫಿ ಕುಯ್ಲು ಮುಗಿದ ಮೇಲೆ, ನಮ್ಮ ತೋಟದ ಕೆಲಸಕ್ಕೆ ಬರುವವರೊಬ್ಬರ ಮನೆಯ ಕಾರ್ಯಕ್ಕೆಂದು ಕೊಪ್ಪಳ ತಾಲ್ಲೂಕಿನ ಇರಕಲ್ಲಗಡಕ್ಕೆ ಹೋಗಿದ್ದೆವು. ಅದು ಅಡಿಕೆ, ಕಾಫಿಯ ಸೀಮೆಯಲ್ಲ. ಜೋಳ, ಸಜ್ಜೆಯ ನಾಡು. ಆದರೆ ಹೋಟೆಲಿನ ಬೆಂಚಿನ ಮೇಲಿನ ಮಾತು ನಮ್ಮೂರಿನದೇ. ಒಂದು ಕಾಗದಕ್ಕಾಗಿ ಕಚೇರಿಗೆ ಅಲೆದು, ಕಡೆಗೆ ಕೈ ಬಿಸಿ ಮಾಡಿ ಬಂದ ಹಿರಿಯರೊಬ್ಬರಿಗೆ ಯಾವುದಾದರೂ ಸಂಘಟನೆಗೆ ಹೇಳಬಾರದಿತ್ತೆ ಎಂದೆವು. “ಮಾಡೋ ಕೆಲಸ ಚಲೋನ ಐತ್ರಿ. ಆದ್ರ ಅವರ ಹಿಂದ ಯಾರದಾರ, ಯಾರಿಗೆ ಗೊತ್ತು?” ಎಂದರು.

ಈ ಸಂಶಯ ನಿರಾಧಾರವೇನಲ್ಲ. ಭ್ರಷ್ಟಾಚಾರ ನಿರ್ಮೂಲನೆಯ ಹೆಸರಿನ ಫಲಕ ಹಾಕಿಕೊಂಡು, ನೌಕರರನ್ನು ಹೆದರಿಸಿ ಹಣ ಕೀಳುವವರೂ ಇದ್ದಾರೆ. 2011ರಲ್ಲಿ ಅಣ್ಣಾ ಹಜಾರೆಯವರ ಉಪವಾಸದ ಕಾಲದಲ್ಲಿ ಮೇಣದ ಬತ್ತಿ ಹಿಡಿದ ಜನರ ಉತ್ಸಾಹ ಬಹಳ ದಿನ ನಿಲ್ಲಲಿಲ್ಲ. ಆದರೆ ಕಳ್ಳನಾಣ್ಯವಿದೆಯೆಂದು ಒಳ್ಳೆಯ ನಾಣ್ಯವನ್ನೂ ಎಸೆಯಬೇಕೆ?

ನಿಧಾನವಾಗಿ, ದಾಖಲೆ ಹಿಡಿದು ನಡೆದ ಕೆಲಸದ ಫಲವನ್ನು ನೋಡೋಣ. ಶ್ರೀ ಎಸ್.ಆರ್. ಹಿರೇಮಠರು ಮುಂದಾಳಾಗಿರುವ ಧಾರವಾಡದ ಸಮಾಜ ಪರಿವರ್ತನ ಸಮುದಾಯವು 1984ರಲ್ಲಿ ಆರಂಭವಾಯಿತು. ಊರ ಗೋಮಾಳದಲ್ಲಿ ಕಾರ್ಖಾನೆಗಾಗಿ ನೀಲಗಿರಿ ನೆಡುವುದನ್ನು ವಿರೋಧಿಸಿ 1987ರಲ್ಲಿ ಕುಸನೂರಿನಲ್ಲಿ ‘ಕಿತ್ತಿಕೊ-ಹಚ್ಚಿಕೊ’ ಸತ್ಯಾಗ್ರಹ ನಡೆಸಿತು. ಬಳ್ಳಾರಿಯ ಅಕ್ರಮ ಗಣಿಗಾರಿಕೆಯ ವಿರುದ್ಧ 2009ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. ಅತ್ತ ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರು 2011ರ ಜುಲೈನಲ್ಲಿ ಕೊಟ್ಟ ವರದಿಯು ಬೊಕ್ಕಸಕ್ಕಾದ ನಷ್ಟವನ್ನು 16 ಸಾವಿರ ಕೋಟಿ ರೂಪಾಯಿಗೂ ಹೆಚ್ಚೆಂದು ಲೆಕ್ಕ ಹಾಕಿತು. ಅದೇ ತಿಂಗಳು ನ್ಯಾಯಾಲಯ ಬಳ್ಳಾರಿಯ ಗಣಿಗಾರಿಕೆಯನ್ನು ನಿಲ್ಲಿಸಿತು. 2013ರಲ್ಲಿ 49 ಗುತ್ತಿಗೆಗಳು ರದ್ದಾದವು.

2016ರಲ್ಲಿ ಸರ್ಕಾರ ಭ್ರಷ್ಟಾಚಾರ ನಿಗ್ರಹ ದಳವನ್ನು ರಚಿಸಿ, ಲೋಕಾಯುಕ್ತದ ಪೊಲೀಸು ಅಧಿಕಾರವನ್ನು ಕಿತ್ತುಕೊಂಡಿತು. 2022ರ ಆಗಸ್ಟಿನಲ್ಲಿ ಹೈಕೋರ್ಟು ಆ ದಳವನ್ನು ರದ್ದುಗೊಳಿಸಿ, ಅಧಿಕಾರವನ್ನು ಲೋಕಾಯುಕ್ತಕ್ಕೆ ಮರಳಿಸಿತು. ಯಾರೂ ಅರ್ಜಿ ಹಾಕದಿದ್ದರೆ ಇದಾಗುತ್ತಿರಲಿಲ್ಲ.

ಹಾಗಾದರೆ ನಾವೇಕೆ ಹಿಂಜರಿಯುತ್ತೇವೆ? ಕೆಲಸ ಕೆಟ್ಟೀತೆಂಬ ಭಯ ಒಂದು. ಇನ್ನೊಂದನ್ನು ಹೇಳಲು ನಾಚಿಕೆಯಾದರೂ ಹೇಳಬೇಕು: ಕೊಟ್ಟು ಬೇಗ ಮುಗಿಸಿಕೊಳ್ಳುವುದು ನಮಗೇ ಅನುಕೂಲ. ನಾವು ಕೊಟ್ಟ ಐನೂರು, ನಮ್ಮ ಹಿಂದೆ ನಿಂತ ಬಡವನಿಗೆ ದರವಾಗುತ್ತದೆ.

ಸದಸ್ಯರು ತಿಳಿದಿರಬೇಕಾದ ಸಂಗತಿಗಳು:

1. 2018ರ ತಿದ್ದುಪಡಿಯ ನಂತರ ಲಂಚ ಕೊಡುವುದೂ ಅಪರಾಧ. ಬಲವಂತಕ್ಕೆ ಕೊಟ್ಟವರು 7 ದಿನದೊಳಗೆ ಪೊಲೀಸರಿಗೆ ಅಥವಾ ತನಿಖಾ ಸಂಸ್ಥೆಗೆ ತಿಳಿಸಿದರೆ ಅವರಿಗೆ ರಕ್ಷಣೆಯುಂಟು. ಕೇಳಿದ ಕೂಡಲೇ, ಕೊಡುವ ಮೊದಲೇ ಲೋಕಾಯುಕ್ತ ಪೊಲೀಸರಿಗೆ ತಿಳಿಸುವುದು ಉತ್ತಮ.

2. 2005ರ ಮಾಹಿತಿ ಹಕ್ಕು ಕಾಯಿದೆಯ ಪ್ರಕಾರ 10 ರೂಪಾಯಿ ಶುಲ್ಕದ ಅರ್ಜಿಗೆ ಸಾಮಾನ್ಯವಾಗಿ 30 ದಿನದೊಳಗೆ ಉತ್ತರ ಕೊಡಬೇಕು. “ನನ್ನ ಅರ್ಜಿ ಯಾವ ಮೇಜಿನಲ್ಲಿ, ಎಷ್ಟು ದಿನದಿಂದ ಇದೆ?” ಎಂಬ ಒಂದೇ ಪ್ರಶ್ನೆಗೆ ಎಷ್ಟೋ ಕಡತಗಳು ಕದಲುತ್ತವೆ.

3. ಯಾವುದೇ ಸಂಘಟನೆಯನ್ನು ಸೇರುವ ಮೊದಲು ನೋಂದಣಿ, ಲೆಕ್ಕಪತ್ರ, ಹಣದ ಮೂಲ ಕೇಳಿ. ತೋರಿಸುವವರನ್ನು ನಂಬಿ, ಸಿಟ್ಟಾಗುವವರಿಂದ ದೂರವಿರಿ.

ಈ ಮೂರನೆಯದು ನಮಗೂ ಅನ್ವಯಿಸುತ್ತದೆ. 1905ರಲ್ಲಿ, ಕೊಪ್ಪಳದ ನೆರೆಯ ಗದಗ ಸೀಮೆಯ ಕಣಗಿನಹಾಳದಲ್ಲಿ ಶ್ರೀ ಸಿದ್ದನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದಾಗ, ಬಂಡವಾಳಕ್ಕಿಂತ ದೊಡ್ಡದಾಗಿ ಬೇಕಿದ್ದುದು ಪರಸ್ಪರ ನಂಬಿಕೆ. ನಮ್ಮ ಮಹಾಸಭೆಯಲ್ಲಿ ಲೆಕ್ಕಪರಿಶೋಧನಾ ವರದಿ ಓದುವಾಗ ಎಷ್ಟು ಮಂದಿ ಕುಳಿತಿರುತ್ತೇವೆ, ಎಷ್ಟು ಮಂದಿ ಊಟದ ಚಪ್ಪರದ ಕಡೆ ಎದ್ದಿರುತ್ತೇವೆ? ತೂಕದಲ್ಲಿ, ದರದಲ್ಲಿ, ಸಾಲ ಮಂಜೂರಾತಿಯಲ್ಲಿ ಸಂದೇಹವಿದ್ದರೆ ಸಭೆಯಲ್ಲೇ ಎದ್ದು ಕೇಳಿ. ಕೇಳಿದವರನ್ನು ಜಗಳಗಂಟರೆನ್ನದಿರೋಣ.

ಇರಕಲ್ಲಗಡದ ಹಿರಿಯರ ಪ್ರಶ್ನೆಗೆ ಅಂದು ನಮ್ಮಲ್ಲಿ ಉತ್ತರವಿರಲಿಲ್ಲ. “ಅವರ ಹಿಂದೆ ನಾವಿದ್ದೇವೆ” ಎಂದು ಹೇಳುವಂತಾದ ದಿನ ಉತ್ತರ ಸಿಕ್ಕಂತೆ.